ನೀರಿಲ್ಲದ ಹಾಲು

ಸಿಂಧನೂರು ಬಸ್‌ಸ್ಟ್ಯಾಂಡಿನ ಚಾದಂಗಡಿ ನರಸಣ್ಣ ಹಿಂದಿನ ದಿನವೇ ಹೇಳಿ ಕಳಿಸಿದ್ದ: "ನಾಳೆ ಹಾಲು ಪರೀಕ್ಷೆ ಮಾಡೋ ಸಾಹೇಬ್ರು ಬರ್ತಾರ. ನೀರು ಸಿಕ್ತಂದ್ರ ನನ್ನಂಗಡಿಗೆ ಬೀಗ, ನಿನಗ ಜೇಲು."

ಜವಳಗೇರಾದ ಅಂಬಪ್ಪ ರಾತ್ರಿಯೇ ಹಾಲಿನ ಕ್ಯಾನನ್ನು ಮೂರು ಸಲ ತೊಳೆದು ಬೋರಲು ಹಾಕಿದ. ಎರಡು ವರ್ಷದಿಂದ ಬೆಳಗಿನ ಬಸ್ಸಿಗೆ ನರಸಣ್ಣನಿಗೆ ಹಾಲು ಒಯ್ಯುತ್ತಿದ್ದ ಅವನು ತನ್ನ ಕೈಯಾರೆ ಒಂದು ಹನಿ ನೀರು ಬೆರೆಸಿದವನಲ್ಲ. ಬೆರೆಸುವ ಸರದಿ ಅವನಿಗೆ ಬರುತ್ತಲೇ ಇರಲಿಲ್ಲ. ಹೆಂಡತಿ ಕನಕಮ್ಮ ಮನೆಯಲ್ಲೇ ಒಂದು ಚರಿಗೆ ನೀರು ಸುರಿಯುತ್ತಿದ್ದಳು. ಪಕ್ಕದ ಮನೆಯ ತಿಮ್ಮವ್ವ ಒಂದು ಬಟ್ಟಲು ಹಾಲು ತೆಗೆದುಕೊಂಡು, ಕ್ಯಾನು ಕಡಿಮೆ ಕಾಣಬಾರದೆಂಬ ಧರ್ಮಬುದ್ಧಿಯಿಂದ ಅಷ್ಟೇ ನೀರು ಹಾಕುತ್ತಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ ಗೌಸ್‌ಸಾಬ್ ತನಗೂ ಡ್ರೈವರನಿಗೂ ಬಗ್ಗಿಸಿಕೊಂಡು, ರೇಡಿಯೇಟರಿಗೆ ಇಟ್ಟ ಡಬ್ಬಿಯ ನೀರಿನಿಂದ ಸರಿಮಾಡುತ್ತಿದ್ದ.

ಇವತ್ತು ಅಂಬಪ್ಪ ತಾನೇ ಎಮ್ಮೆ ಹಿಂಡಿ, ಹಾಲನ್ನು ಕ್ಯಾನಿಗೆ ಸುರಿದು, ಮೊಟ್ಟೆಗೆ ಕೂತ ಕೋಳಿಯಂತೆ ಅದರ ಮೇಲೆ ಕೂತುಬಿಟ್ಟ.

"ಒಂದ್ ಚರಿಗಿ ಹಾಕಲಿಲ್ಲಂದ್ರ ಹಾಲು ತಳ ಹಿಡೀತಾವು," ಎಂದಳು ಕನಕಮ್ಮ.

"ಹಿಡೀಲಿ ಬಿಡು. ನನ್ನ ಪೊಲೀಸರು ಹಿಡೀಬಾರ್ದು."

ಬಟ್ಟಲು ಹಿಡಿದು ಬಂದ ತಿಮ್ಮವ್ವನಿಗೆ ಇವತ್ತು ಹಾಲಿಲ್ಲವೆಂದು ಕೈ ಮುಗಿದ. "ಕಾಲುವೆ ನೀರು ಬಂದ್ ಮ್ಯಾಲ ಈ ಊರಾಗ ಎಲ್ಲಾರಿಗೂ ಸೊಕ್ಕು ಬಂದೈತಿ ನೋಡವ್ವಾ!" ಎಂದು ಅವಳು ಓಣಿಗೆಲ್ಲ ಕೇಳುವಂತೆ ಸಾರಿದಳು.

ಬಸ್ಸಿನಲ್ಲಿ ಗೌಸ್‌ಸಾಬ್ ಎಂದಿನಂತೆ ಲೋಟ ಚಾಚಿದ.

"ಇವತ್ತೊಂದಿನ ಮಾಫ್ ಮಾಡ್ರಿ ಸಾಬ್."

"ಹೌದೇನು? ಕ್ಯಾನಿಗೆ ಟಿಕೆಟ್ ತಗದೀಯೇನು?"

"ಎರಡು ವರ್ಷದಾಗ ಯಾವತ್ತೂ ಕೇಳಿಲ್ಲಲ್ರೀ!"

"ಇವತ್ತು ಕಾನೂನು ನೆಪ್ಪಾತು. ಇಳಿ."

ಅರ್ಧ ದಾರಿಯಲ್ಲಿ, ಕಾಲುವೆ ಸೇತುವೆಯ ಹತ್ತಿರ, ಕ್ಯಾನಿನ ಸಮೇತ ಅಂಬಪ್ಪ ರಸ್ತೆಗೆ ಬಿದ್ದ. ತಲೆಯ ಮೇಲೆ ಕ್ಯಾನು, ಅದರ ಮೇಲೆ ಬಿಸಿಲು. ಒಂದು ಮೈಲಿ ನಡೆಯುವಷ್ಟರಲ್ಲಿ ಕ್ಯಾನು ಒಲೆಯ ಮೇಲಿಟ್ಟಂತೆ ಕಾದಿತು. ಹಾಲು ಒಡೆದರೆ ಗತಿಯೇನು? ಅವನು ರಸ್ತೆಯ ಬದಿಗೇ ಹರಿಯುತ್ತಿದ್ದ ಕಾಲುವೆಗಿಳಿದು, ಮುಚ್ಚಳ ಬಿಗಿಯಾಗಿ ಒತ್ತಿ ಹಿಡಿದು, ಕ್ಯಾನನ್ನು ಕುತ್ತಿಗೆಯವರೆಗೆ ತಣ್ಣನೆಯ ನೀರಿನಲ್ಲಿ ಅದ್ದಿ ನಿಂತ.

ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಣ್ಣಾಳುಗಳು ಸೊಂಟ ನೆಟ್ಟಗೆ ಮಾಡಿ ನೋಡಿದರು.

"ಯವ್ವಾ! ಹಾಲಿನವ ಕಾಲುವಿಗೇ ಕ್ಯಾನು ಹಿಡದು ನೀರು ತುಂಬಾಕತ್ತಾನ!"

"ಇಲ್ಲ ಬೇ, ತಣ್ಣಗ ಮಾಡಾಕತ್ತೀನಿ!"

"ಹೂಂ ಹೂಂ, ಎಮ್ಮಿ ನೋಡಿದ್ರ ನಾಚ್ಕೊಂತೈತಿ!"

ಅದೇ ಹೊತ್ತಿಗೆ ಸಿಂಧನೂರಿನತ್ತ ಹೊರಟಿದ್ದ ಟ್ರ್ಯಾಕ್ಟರೊಂದು ಸುದ್ದಿಯನ್ನು ಹತ್ತಿಸಿಕೊಂಡು ಹೋಯಿತು. ಅಂಬಪ್ಪನನ್ನು ಮಾತ್ರ ಹತ್ತಿಸಿಕೊಳ್ಳಲಿಲ್ಲ.

ಅವನು ಬೆವರಿನಲ್ಲಿ ಮಿಂದು ಚಾದಂಗಡಿ ತಲುಪಿದಾಗ ಅರ್ಧ ಊರು ಅಲ್ಲೇ ಇತ್ತು. ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ನರಸಣ್ಣ ಹಲ್ಲು ಕಡಿಯುತ್ತಿದ್ದ. "ಬಾರಪ್ಪಾ, ಕಾಲುವಿ ಪೂರಾ ತಂದಿಯೋ, ಏನರ ಉಳಿಸಿ ಬಂದಿಯೋ?"

ಅಂಬಪ್ಪ ಕ್ಯಾನು ಇಳಿಸಿದ. ಮುಚ್ಚಳ ತೆಗೆದ. ಸಾಹೇಬರು ಉದ್ದ ಪಾತ್ರೆಗೆ ಹಾಲು ಸುರಿದು, ನೀರಿದ್ದರೆ ಮುಳುಗುವ ಗಾಜಿನ ನಳಿಗೆಯನ್ನು ಅದರಲ್ಲಿ ಬಿಟ್ಟರು. ಅದು ಮುಳುಗದೆ, ಪಂಚಾಯ್ತಿ ಗೆದ್ದವನಂತೆ ಎದೆಯೆತ್ತಿ ನಿಂತಿತು. ಇನ್ನೊಮ್ಮೆ ಬಿಟ್ಟರು. ಮತ್ತೂ ನಿಂತಿತು.

"ಶಭಾಷ್! ಮೂರು ತಾಲೂಕು ತಿರುಗಿದ್ದೇನೆ, ಇಂಥ ಹಾಲು ನೋಡಿಲ್ಲ," ಎಂದು ಸಾಹೇಬರು 'ಶುದ್ಧ' ಎಂದು ಬರೆದು ಪೆನ್ನು ಮುಚ್ಚಿದರು. ಅಂಬಪ್ಪನ ಕಣ್ಣಲ್ಲಿ ನೀರು ಬಂತು. ಅದು ಕ್ಯಾನಿಗೆ ಬೀಳದಂತೆ ಮುಖ ಆಚೆ ತಿರುಗಿಸಿದ.

ಖುಷಿಯಲ್ಲಿ ನರಸಣ್ಣ ಒಂದು ಲೋಟ ಬಗ್ಗಿಸಿ ಕುಡಿದ. ಅವನ ಮುಖ ನಿಧಾನವಾಗಿ ಬದಲಾಯಿತು. ಲೋಟದೊಳಗೆ ಇಣುಕಿದ. ಮತ್ತೆ ಕುಡಿದ.

"ಲೇ ಅಂಬಪ್ಪಾ," ಎಂದ, ಸಾಹೇಬರು ಇದ್ದಾರೆಂಬುದನ್ನೂ ಮರೆತು. "ಹಾಲಂದ್ರ ಇದಾ? ಹಂಗಾರ ಎರಡು ವರ್ಷದಿಂದ ನೀ ನನಗ ಹಾಕಿದ್ದೇನಲೇ?"

ಎದ್ದು ನಿಂತಿದ್ದ ಸಾಹೇಬರು ಮತ್ತೆ ಕೂತರು. ಪೆನ್ನಿನ ಮುಚ್ಚಳ ತೆಗೆದು ಹೊಸ ಹಾಳೆಯೊಂದನ್ನು ಮುಂದಿಟ್ಟುಕೊಂಡರು.

"ಪೂರ್ತಿ ಹೆಸರು ಹೇಳಪ್ಪ. ತಂದೆಯ ಹೆಸರೂ ಹೇಳು."