ಮೇವ್ ಎಂಬ ಕುದುರೆಯ ಹೆರಿಗೆ

ಗೊತ್ತಿಲ್ಲ ಎಂದು ಹೇಳುವುದು ಕೆಲವರಿಗೆ ಎಷ್ಟು ಸಲೀಸು! ನನ್ನ ಹೆಂಡತಿ ನಂದಿನಿ ದಿನಕ್ಕೆ ಹತ್ತು ಸಲ ಹೇಳುತ್ತಾಳೆ, ಹೇಳಿ ಹಾಯಾಗಿರುತ್ತಾಳೆ. ನನಗೆ ಮಾತ್ರ ಆ ಒಂದು ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮೈಸೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಯಾರಾದರೂ ದಾರಿ ಕೇಳಿದರೆ, ಹೆಸರೇ ಕೇಳದ ಬೀದಿಗೂ ಎಡಕ್ಕೆ ಬಲಕ್ಕೆ ಎಂದು ಕೈ ತೋರಿಸಿ ಕಳಿಸುತ್ತಿದ್ದೆ. ಅವರಲ್ಲಿ ಕೆಲವರು ಇನ್ನೂ ಮನೆ ಮುಟ್ಟಿರಲಿಕ್ಕಿಲ್ಲ. ಈಗ ಅಮೆರಿಕದ ಜರ್ಮನ್‌ಟೌನಿನ ಒಂದು ಲ್ಯಾಬಿನಲ್ಲಿ ಕೆಲಸ. ಮೀಟಿಂಗಿನಲ್ಲಿ ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸಿ ಆಡಿಸಿ ಮೂರು ಕಮಿಟಿಗಳ ಸದಸ್ಯನಾಗಿದ್ದೇನೆ. ಅದರಲ್ಲಿ ಒಂದು ಯಾತಕ್ಕಾಗಿ ಇದೆ ಎಂದು ಈವರೆಗೆ ಕೇಳಿಲ್ಲ. ಇದೇ ಕಾಯಿಲೆ ಕಳೆದ ವಸಂತದಲ್ಲಿ ನನ್ನನ್ನು ಒಂದು ಕುದುರೆ ಲಾಯದೊಳಗೆ ಮಂಡಿಯೂರಿ ಕೂರಿಸಿತು.

ನಮ್ಮ ಕಡೆಯ ಕನ್ನಡದವರೆಲ್ಲ ಡಾಕ್ಟರ್ ಅಂಕಲ್ ಎಂದು ಕರೆಯುವ ಹಿರಿಯರೊಬ್ಬರು ಕ್ಲಾರ್ಕ್ಸ್‌ಬರ್ಗಿನಲ್ಲಿದ್ದಾರೆ. ಐವತ್ತು ವರ್ಷದ ಹಿಂದೆ ಬಂದು ನೆಲೆಸಿದ ಚರ್ಮದ ಡಾಕ್ಟರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ, ಯಾರ ಮನೆಗೆ ಊಟಕ್ಕೆ ಹೋದರೂ ಪಾಯಸ ಬಡಿಸುವಷ್ಟರಲ್ಲಿ ಯಾರಾದರೊಬ್ಬರು ಅಂಗಿಯ ತೋಳು ಮಡಿಸಿ, "ಅಂಕಲ್, ಈ ಮಚ್ಚೆ ಸ್ವಲ್ಪ ನೋಡ್ತೀರಾ?" ಎನ್ನುವುದು ತಪ್ಪಿಲ್ಲ. ಅಮೆರಿಕಕ್ಕೆ ಬರುವ ಮೊದಲು ಅವರು ಎರಡು ವರ್ಷ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಓದಿದ್ದರು. ಒಮ್ಮೆ ಬಸ್ಸಿನಲ್ಲಿ ಕಿಲ್ಡೇರ್ ಸೀಮೆಯನ್ನು ಹಾದು ಹೋಗುವಾಗ, ಹಸಿರು ಬಯಲಿನಲ್ಲಿ ರೇಸ್ ಕುದುರೆಗಳು ಮಂಜು ಸೀಳಿಕೊಂಡು ಓಡುವುದನ್ನು ಕಿಟಕಿಯಿಂದ ಕಂಡರಂತೆ. ಇಳಿದು ಹತ್ತಿರ ಹೋಗಿ ಒಂದನ್ನು ಮುಟ್ಟಬೇಕಿತ್ತು ಎಂಬ ಆಸೆ ಎಂಬತ್ತು ತುಂಬಿದರೂ ಹಾಗೇ ಉಳಿದಿತ್ತು. ಅಟ್ಲಾಂಟಾದಲ್ಲಿರುವ ಮಗಳು ಐರ್ಲೆಂಡಿಗೇ ಕರೆದೊಯ್ಯುತ್ತೇನೆ ಎಂದಿದ್ದಳು. ಕೋವಿಡ್ ಬಂತು, ಅದರ ಹಿಂದೆಯೇ ಇವರ ಸೊಂಟದ ಆಪರೇಷನ್ ಬಂತು. ಕೊನೆಗೆ ಅವಳು ವರ್ಜೀನಿಯಾದ ಮಿಡಲ್‌ಬರ್ಗ್ ಹತ್ತಿರ ರೇಸ್ ಕುದುರೆ ಸಾಕುವ ಐರಿಷ್ ಮುದುಕನೊಬ್ಬನನ್ನು ಪತ್ತೆ ಹಚ್ಚಿ, ಅಪ್ಪನ ಹುಟ್ಟುಹಬ್ಬಕ್ಕೆ ಅವನ ಜೊತೆ ಒಂದು ದಿನದ ಖಾಸಗಿ ಸುತ್ತಾಟ ಬುಕ್ ಮಾಡಿದಳು.

"ಸುರೇಶ ಡ್ರೈವ್ ಮಾಡ್ಲಿ," ಎಂದು ನನ್ನ ಹೆಸರು ಹೇಳಿದರಂತೆ ಅಂಕಲ್. "ಅವನಿಗೆ ಕುದುರೆ ಅಂದ್ರೆ ಚೆನ್ನಾಗಿ ಗೊತ್ತು."

ತಪ್ಪು ಅವರದಲ್ಲ. ಯಾವುದೋ ಊಟದಲ್ಲಿ ನಾನೇ, "ನಮ್ಮ ತಾತ ಮೈಸೂರಿನಲ್ಲಿ ಕುದುರೆ ಲಾಯ ನೋಡ್ಕೋತಿದ್ರು," ಎಂದಿದ್ದೆ. ತಾತ ಲಾಯದಲ್ಲಿದ್ದದ್ದು ನಿಜ. ಅಲ್ಲಿ ಆಳುಗಳ ಹಾಜರಿ ಬರೆಯುವ ಗುಮಾಸ್ತರಾಗಿದ್ದರು. ಕುದುರೆ ಕಂಡರೆ ನಾಲ್ಕು ಮಾರು ದೂರ ನಿಲ್ಲುತ್ತಿದ್ದರು ಎನ್ನುವುದನ್ನು ಹೇಳಲು ಆ ದಿನ ಮರೆತಿದ್ದೆ, ಅಷ್ಟೆ.

"ಈಗ್ಲಾದ್ರೂ ನಿಜ ಹೇಳ್ಬಿಡಿ," ಎಂದಳು ನಂದಿನಿ. "ಪಕ್ಕದ ಮನೆ ನಾಯಿ ಕಂಡ್ರೇ ಗ್ಯಾರೇಜಿಂದ ಹೊರಗೆ ಬರಲ್ಲ ನೀವು."

"ಬೇಲಿ ಆಚೆ ನಿಂತು ನೋಡೋದು ತಾನೆ? ಅಲ್ದೆ ಕುದುರೆ ಕಚ್ಚಲ್ಲ ಕಣೇ."

ಕಚ್ಚುತ್ತದೆ ಎಂದು ಅಲ್ಲಿಗೆ ಹೋದ ಮೇಲೆ ಓದಿದೆ. ಲಾಯದ ಬಾಗಿಲಿಗೇ ಬೋರ್ಡು ಹಾಕಿದ್ದರು.

ಆ ಐರಿಷ್ ಮುದುಕನ ಹೆಸರು ಡೆಕ್ಲನ್. ಕಿಲ್ಡೇರಿನಲ್ಲಿ ಹುಟ್ಟಿದವನು, ಅವನಪ್ಪನೂ ಕುದುರೆ ನೋಡಿಕೊಳ್ಳುತ್ತಿದ್ದವನೇ. ನಲವತ್ತು ವರ್ಷದಿಂದ ವರ್ಜೀನಿಯಾದಲ್ಲಿದ್ದರೂ ಅವನ ಇಂಗ್ಲಿಷ್ ಇನ್ನೂ ಐರ್ಲೆಂಡ್ ಬಿಟ್ಟು ಹೊರಟಿರಲಿಲ್ಲ. ಕಲ್ಲುಗೋಡೆ, ಬಿಳಿ ಬೇಲಿಗಳ ನಡುವೆ ತನ್ನ ವ್ಯಾನಿನಲ್ಲಿ ನಮ್ಮನ್ನು ಸುತ್ತಾಡಿಸುತ್ತ ಬಾಯಿ ತುಂಬ ಮಾತಾಡಿದ. ಅಂಕಲ್‌ಗೆ ಎಲ್ಲ ಅರ್ಥವಾಗುತ್ತಿತ್ತು, ನಗುತ್ತಿದ್ದರು. ಕಿಲ್ಡೇರಿನ ನೆಲದಡಿ ಸುಣ್ಣಕಲ್ಲು ಇರುವುದರಿಂದ ಅಲ್ಲಿಯ ಹುಲ್ಲು ತಿಂದ ಕುದುರೆಗಳ ಮೂಳೆ ಗಟ್ಟಿ ಎಂಬಷ್ಟು ನನಗೂ ತಿಳಿಯಿತು. ಉಳಿದದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು 'ಗ್ರ್ಯಾಂಡ್' ಎಂಬ ಒಂದೇ ಪದ. ನಮ್ಮಲ್ಲಿ ಮದುವೆಗೂ ರೇಷ್ಮೆ ಸೀರೆಗೂ ಮಾತ್ರ ಬಳಸುವ ಆ ಪದವನ್ನು ಅವನು ಹವೆಗೆ, ಚಹಾಕ್ಕೆ, ನನ್ನ ಸೀಟ್ ಬೆಲ್ಟಿಗೆ ಎಲ್ಲದಕ್ಕೂ ಬಳಸುತ್ತಿದ್ದ. ನಾನು ಎಂದಿನಂತೆ ತಲೆಯಾಡಿಸುತ್ತಿದ್ದೆ.

ಮಧ್ಯಾಹ್ನ ಅವನ ಸ್ವಂತ ಲಾಯಕ್ಕೆ ಬಂದೆವು. ಒಳಗೆ ಒಂದು ಕಂದು ಹೆಣ್ಣುಕುದುರೆ ಒಣಹುಲ್ಲಿನ ಮೇಲೆ ಮಲಗಿ ಮೈಯೆಲ್ಲ ಬೆವರಿಕೊಂಡು ಒದ್ದಾಡುತ್ತಿತ್ತು. ಡೆಕ್ಲನ್ನನ ಮಾತು ಅಲ್ಲಿಗೆ ನಿಂತಿತು. "ಮೇವ್!" ಎಂದು ಕೂಗಿ ಒಳಗೆ ನುಗ್ಗಿದ. ಅವನು ಮೇವು ಕೇಳುತ್ತಿದ್ದಾನೆಂದು ನಾನು ಹುಲ್ಲಿನ ಕಂತೆಯ ಕಡೆ ಹೊರಟೆ. ಅದು ಕುದುರೆಯ ಹೆಸರು.

ಮೇವ್ ಮರಿ ಹಾಕಲು ಇನ್ನೂ ಒಂದು ವಾರವಿದೆ ಎಂದು ಅವನು ಲೆಕ್ಕ ಹಾಕಿದ್ದನಂತೆ. ಈಗ ನೋಡಿದರೆ ಮರಿಯ ಎರಡು ಮುಂಗಾಲು ಹೊರಗೆ ಬಂದಿವೆ, ಹೆಗಲು ಸಿಕ್ಕಿಕೊಂಡಿದೆ. ಭಾನುವಾರವಾದ್ದರಿಂದ ಕೆಲಸದವರಿಲ್ಲ. ಪಶುವೈದ್ಯರಿಗೆ ಫೋನ್ ಮಾಡಿದರೆ ಬರಲು ಮುಕ್ಕಾಲು ಗಂಟೆ ಬೇಕು ಎಂದರು. ಅಷ್ಟು ಹೊತ್ತು ಬಿಟ್ಟರೆ ಮರಿ ಉಳಿಯುವುದಿಲ್ಲ. ಡೆಕ್ಲನ್ ಅಂಕಲ್ ಕಡೆ ತಿರುಗಿ, "ನೀವು ಡಾಕ್ಟರಲ್ಲವೆ?" ಎಂದ. ಅಂಕಲ್ ಹೌದೆಂದು ಷರಟಿನ ತೋಳು ಮಡಿಸಿದರು. ಆಮೇಲೆ ಅವನು ನನ್ನ ಕಡೆ ತಿರುಗಿ ಏನೋ ಗಡಗಡನೆ ಕೇಳಿದ. ನಾನು ತಲೆಯಾಡಿಸಿದೆ. ಕುದುರೆಯ ಮುಖಕ್ಕೆ ಕಟ್ಟಿದ್ದ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಅದರ ತಲೆಯ ಹತ್ತಿರ ನನ್ನನ್ನು ಕೂರಿಸಿಯೇಬಿಟ್ಟ.

ಅಷ್ಟು ದೊಡ್ಡ ತಲೆಯನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಕಣ್ಣು ಬಿಳಿ ಮಾಡಿಕೊಂಡು ಮೇಲೇಳಲು ಕೊಸರುತ್ತಿತ್ತು. ಮಾತಾಡಿಸು, ಸಮಾಧಾನ ಮಾಡು ಎಂದು ಡೆಕ್ಲನ್ ಕೂಗಿದ. ಭಯದಲ್ಲಿ ನನಗೆ ಇಂಗ್ಲಿಷೇ ಹೊರಡಲಿಲ್ಲ. "ತಾಯಿ, ಅಲ್ಲಾಡ್ಬೇಡಮ್ಮ," ಎಂದೆ. ಅದು ಕಿವಿ ನಿಮಿರಿಸಿತು. ಮುಂದೆ ಏನು ಹೇಳುವುದು? ಬಾಯಿಗೆ ಬಂದದ್ದೆಲ್ಲ ಹೇಳಿದೆ. "ನನಗೂ ನಿನ್ನಷ್ಟೇ ಭಯ ಕಣಮ್ಮ. ನನಗೆ ಕುದುರೆ ವಿಷಯ ಏನೇನೂ ಗೊತ್ತಿಲ್ಲ. ನಮ್ಮ ತಾತ ಬರೀ ಗುಮಾಸ್ತ. ಎಲ್ಲಾ ಸುಳ್ಳು. ಪಾಪ ಅಂಕಲ್, ನಂಬಿದ್ರು. ನೀನೊಬ್ಳು ಯಾರಿಗೂ ಹೇಳ್ಬೇಡ." ಕುದುರೆ ನಿಜಕ್ಕೂ ಕೇಳಿಸಿಕೊಳ್ಳುತ್ತಿರುವಂತೆ ತಲೆಯನ್ನು ನನ್ನ ತೊಡೆಯ ಮೇಲಿಟ್ಟು ಉಸಿರುಬಿಟ್ಟಿತು. ಅತ್ತ ಕಡೆ, ಅದು ತಿಣುಕಿದಾಗಲೆಲ್ಲ ಡೆಕ್ಲನ್ ಒಂದು ಕಾಲು, ಅಂಕಲ್ ಒಂದು ಕಾಲು ಹಿಡಿದು ಎಳೆಯುತ್ತಿದ್ದರು. ಸೊಂಟ ಜೋಪಾನ ಎಂದು ಕೂಗಲು ಹೊರಟೆ, ಅಷ್ಟರಲ್ಲಿ ದೊಪ್ಪನೆ ಸದ್ದಾಯಿತು. ಒದ್ದೆಯಾದ ಕಪ್ಪು ಮರಿಯೊಂದು ಹುಲ್ಲಿನ ಮೇಲೆ ಬಿದ್ದಿತ್ತು. ಅಲುಗಾಡಲಿಲ್ಲ. ಡೆಕ್ಲನ್ ಅದರ ಮೂಗು ಒರೆಸಿ ಪಕ್ಕೆಯನ್ನು ಗಸಗಸನೆ ಉಜ್ಜಿದ. ಮರಿ ಒಮ್ಮೆ ಸೀನಿತು.

ಅಂಕಲ್ ಗೋಡೆಗೊರಗಿ ಕೂತರು. ಷರಟಿನ ತುಂಬ ಲೋಳೆ, ಕಣ್ಣಿನ ತುಂಬ ನೀರು. ಕೈ ಚಾಚಿ ಮರಿಯ ಕುತ್ತಿಗೆಯನ್ನು ಮುಟ್ಟಿದರು, ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ನೋಡಿ, "ಗುಮಾಸ್ತರೇನಯ್ಯಾ ನಿಮ್ಮ ತಾತ?" ಎಂದರು.

ಲಾಯದಲ್ಲಿ ಕನ್ನಡ ಬರುವವರು ಇನ್ನೊಬ್ಬರಿದ್ದಾರೆ ಎನ್ನುವುದು ನನಗೆ ಆಗ ಹೊಳೆಯಿತು.

"ಅಂಕಲ್, ಅದು..."

"ಇರ್ಲಿ ಬಿಡು. ಚರ್ಮದ ಡಾಕ್ಟರು ಅಂತ ನಾನು ಹೇಳಿದ್ನಾ ಅವನಿಗೆ? ಹೆರಿಗೆ ನೋಡಿ ಐವತ್ತೈದು ವರ್ಷ ಆಯ್ತು ಕಣಯ್ಯ, ಅದೂ ಮನುಷ್ಯರದ್ದು."

ಅಷ್ಟರಲ್ಲಿ ಮರಿ ಏಳಲು ಹೊರಟಿತು. ಕಡ್ಡಿಯಂಥ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋದವು. ಬಿತ್ತು. ಮತ್ತೆ ಎದ್ದಿತು, ಮುಗ್ಗರಿಸಿತು. ಐದನೆಯ ಸಲವೋ ಆರನೆಯ ಸಲವೋ ತತ್ತರಿಸುತ್ತ ಎದ್ದು ನಿಂತು ತಾಯಿಯ ಕಡೆ ಎರಡು ಹೆಜ್ಜೆ ಇಟ್ಟಿತು. ಹುಟ್ಟಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಪಶುವೈದ್ಯರು ಇನ್ನೂ ದಾರಿಯಲ್ಲೇ ಇದ್ದರು. "ಗ್ರ್ಯಾಂಡ್," ಎಂದ ಡೆಕ್ಲನ್. ಈ ಸಲ ಆ ಪದ ಸರಿಯಾದ ಜಾಗದಲ್ಲೇ ಬಿದ್ದಿತ್ತು. ಆಮೇಲೆ ಅವನು ನನಗೆ ಎದ್ದೇಳು ಎಂದು ಸನ್ನೆ ಮಾಡಿದ. ಏಳಲು ನೋಡಿದೆ. ಎರಡು ಕಾಲೂ ಜೋಮು ಹಿಡಿದು ಎರಡು ದಿಕ್ಕಿಗೆ ಹೋದವು. ಕೊನೆಗೆ ಡೆಕ್ಲನ್ ಒಂದು ತೋಳು, ಅಂಕಲ್ ಒಂದು ತೋಳು ಹಿಡಿದು ಎಳೆದರು.