ತಾನೇ ನಿಲ್ಲೋ ಕಾರು, ತಾನೇ ಹೊರಡೋ ಬೀಗರು

ಮೂವತ್ತು ವರ್ಷದಿಂದ ಚಿಕ್ಕಬಳ್ಳಾಪುರದಲ್ಲಿ ಗ್ಯಾರೇಜ್ ಇಟ್ಕೊಂಡಿದೀನಿ. ಕೆಟ್ಟ ಕಾರು ಯಾವತ್ತೂ ನನಗೆ ತೊಂದರೆ ಕೊಟ್ಟಿಲ್ಲ. ನೆಟ್ಟಗಿರೋ ಕಾರುಗಳೇ ನನ್ನ ಮಾನ ಕಳೀತಿರೋದು, ಅದೂ ವಾರಕ್ಕೊಂದು ಸಲದ ಹಾಗೆ.

ಈಗಿನ ಕಾರುಗಳಲ್ಲಿ ಒಂದು ಏರ್ಪಾಡಿದೆ. ಎಲ್ಲಾದ್ರೂ ನಿಂತು, ನ್ಯೂಟ್ರಲ್ ಮಾಡಿ ಕ್ಲಚ್ಚಿಂದ ಕಾಲು ತೆಗೆದ್ರೆ ಇಂಜಿನ್ ತಾನಾಗೇ ಆಫ್ ಆಗುತ್ತೆ, ಸುಮ್ಮನೆ ಪೆಟ್ರೋಲ್ ಸುಡಬಾರದು ಅಂತ. ಮತ್ತೆ ಕ್ಲಚ್ ಒತ್ತಿದ್ರೆ ತಾನಾಗೇ ಸ್ಟಾರ್ಟ್. ಇಷ್ಟೇ ವಿಷಯ. ಇಷ್ಟನ್ನ ನಮ್ಮ ಜನಕ್ಕೆ ಹೇಳಕ್ಕೆ ಹೋಗಿ ನನ್ನ ಮಗಳ ಸಂಬಂಧಕ್ಕೇ ಕುತ್ತು ಬಂತು.

ರೈಲ್ವೆ ಗೇಟು

ಮೇಲೂರಿನ ಯಜಮಾನರೊಬ್ಬರ ಮಗನಿಗೆ ನನ್ನ ಮಗಳನ್ನ ಕೇಳಿದ್ರು. ಹುಡುಗ ಒಳ್ಳೆಯವನು, ಮಗಳಿಗೂ ಫೋಟೋ ಒಪ್ಪಿಗೆಯಾಗಿತ್ತು. ಮಾತು ನಡೀತಿರೋವಾಗಲೇ ಅವರು ಹೊಸ ಕಾರು ತಗೊಂಡ್ರು. ತಗೊಂಡ ಮೂರನೇ ದಿನ ತೊಂಡೇಬಾವಿಯಿಂದ ಫೋನು. ರೈಲ್ವೆ ಗೇಟಲ್ಲಿ ಕಾರು ಸತ್ತೋಗಿದೆ, ಬನ್ನಿ ಅಂತ.

ಬೈಕಲ್ಲಿ ಓಡಿದೆ. ಅಷ್ಟರಲ್ಲಿ ಇವರು ಕೀ ಕಿತ್ತು ಜೇಬಿಗೆ ಹಾಕ್ಕೊಂಡು, ಹಿಂದೆ ನಿಂತಿದ್ದ ಹಾಲಿನ ವ್ಯಾನಿನವರನ್ನೆಲ್ಲ ಸೇರಿಸಿ, ಹಳಿ ದಾಟಿಸಿ ಕಾರು ತಳ್ಳಿಸಿದ್ದರು. ಒಂದು ಸಲ ಕೀ ತಿರುಗಿಸಿದೆ, ಸ್ಟಾರ್ಟ್ ಆಯ್ತು. ಬಿಸಿಲಲ್ಲಿ ನಿಂತು ಕಾಲು ಗಂಟೆ ವಿವರಿಸಿದೆ. ಯಜಮಾನರು ಪೂರ್ತಿ ಕೇಳಿಸಿಕೊಂಡು, ಬೆನ್ನು ತಟ್ಟಿ, "ಇರ್ಲಿ ಬಿಡಿ ಮೇಸ್ತ್ರಿ. ಗೊತ್ತಾಗ್ಲಿಲ್ಲ ಅಂದ್ರೆ ಗೊತ್ತಾಗ್ಲಿಲ್ಲ ಅನ್ನಿ, ಅದಕ್ಕೆ ಇಷ್ಟು ಕಥೆ ಯಾಕೆ?" ಅಂದ್ರು.

ಬೀಗರಾಗೋ ಮನುಷ್ಯ. ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ಚಿಂತಾಮಣಿಯ ಸೊಂಟ

ಅದಾದ ವಾರಕ್ಕೇ ಚಿಂತಾಮಣಿಯ ಟೊಮೆಟೊ ಮಂಡಿಯವರೊಬ್ಬರು ಬಂದ್ರು. ಅದೇ ಮಾಡಲ್ ಕಾರು, ಆದ್ರೆ ದೂರು ಉಲ್ಟಾ. ಪಕ್ಕದ ಮಂಡಿಯವನ ಕಾರು ನಿಂತ ಕಡೆ ಆಫ್ ಆಗುತ್ತೆ, ನಂದು ಆಗಲ್ಲ, ನನಗೆ ಕಳಪೆ ಮಾಲು ಕೊಟ್ಟಿದಾರೆ ಅಂತ ಗಲಾಟೆ.

ಒಳಗೆ ನೋಡಿದೆ. ಸೀಟ್ ಬೆಲ್ಟಿನ ಮೇಲಿದ್ದ ಪ್ಲಾಸ್ಟಿಕ್ ಕವರನ್ನೇ ಇನ್ನೂ ಬಿಚ್ಚಿರಲಿಲ್ಲ. ಬೆಲ್ಟ್ ಹಾಕಿಲ್ಲದಿದ್ರೆ ಈ ಏರ್ಪಾಡು ಕೆಲಸ ಮಾಡಲ್ಲ. ಮೇಲೂರಿನವರು ಬೆಲ್ಟ್ ಹಾಕದೆ ಗೇರ್ ಮುಟ್ಟೋರಲ್ಲ, ಅದಕ್ಕೇ ಅವರ ಕಾರು ನಿಲ್ತಿತ್ತು. ಬೆಲ್ಟ್ ಹಾಕ್ಕೊಳಿ, ಸರಿಹೋಗುತ್ತೆ ಅಂದೆ. ಆತ ನನ್ನನ್ನ ಮೇಲಿಂದ ಕೆಳಗೆ ನೋಡಿದ.

"ನಾನು ಇಂಜಿನ್ ತೋರ್ಸಿದ್ರೆ ನೀನು ನನ್ನ ಸೊಂಟಕ್ಕೆ ಬರ್ತೀಯಲ್ಲಯ್ಯ."

ಅಂದು ಹೋದವನು ಇವತ್ತಿಗೂ ಬಂದಿಲ್ಲ.

ಪೆರೇಸಂದ್ರದ ಪಂಡಿತ

ನನ್ನನ್ನ ಬಿಟ್ಟು ಹೋದವರೆಲ್ಲ ಹೋಗೋದೆಲ್ಲಿಗೆ? ಪೆರೇಸಂದ್ರದಲ್ಲಿ ಹೈವೇ ಪಕ್ಕ ಇನ್ನೊಬ್ಬ ಮೆಕ್ಯಾನಿಕ್ ಇದಾನೆ, ಅವನ ಹತ್ರ. ಕಾರು ತಾನೇ ನಿಲ್ಲುತ್ತೆ ಅಂತ ಯಾರೇ ಬರಲಿ, ಬಾನೆಟ್ ಎತ್ತಿ, ಒಳಗೆ ಅರ್ಧ ಗಂಟೆ ಸ್ಪ್ಯಾನರ್ ಕುಟ್ಟಿ, ಮುಖ ಗಂಟಿಕ್ಕಿಕೊಂಡು ಬೆವರು ಒರೆಸ್ಕೋತಾನೆ. ಆಮೇಲೆ ಕಾರಿನವರನ್ನ ಟೀಗೆ ಕಳಿಸಿ, ಸ್ಟೀರಿಂಗ್ ಪಕ್ಕ ಒಂದು ಗುಂಡಿ ಇರುತ್ತಲ್ಲ, ಈ ಏರ್ಪಾಡನ್ನ ಬಂದ್ ಮಾಡೋದು, ಅದನ್ನ ಒತ್ತುತಾನೆ. ಅಷ್ಟೇ.

ಆ ಗುಂಡಿ ಒಂದು ಓಟಕ್ಕೆ ಮಾತ್ರ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದ್ರೆ ಕಾರು ಮೊದಲಿನ ಹಾಗೇ ನಿಲ್ಲುತ್ತೆ. ಜನ ಮತ್ತೆ ಅವನ ಹತ್ರಾನೇ ಹೋಗ್ತಾರೆ. ಹಳೇ ಕಾಯಿಲೆ, ನಿಧಾನವಾಗಿ ಬಿಡುತ್ತೆ ಅಂತಾನೆ ಅವನು. ಅವನ ಮುಂದೆ ಸಾಲು ನಿಂತಿರುತ್ತೆ, ನಿಜ ಹೇಳಿದ ನನ್ನ ಗ್ಯಾರೇಜಲ್ಲಿ ನಾಯಿ ಮಲಗಿರುತ್ತೆ. ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ.

ಹೆಣ್ಣು ನೋಡೋ ಶಾಸ್ತ್ರ

ಶುಕ್ರವಾರ ಹೆಣ್ಣು ನೋಡಕ್ಕೆ ಬರ್ತೀವಿ ಅಂತ ಮೇಲೂರಿನಿಂದ ಹೇಳಿ ಕಳಿಸಿದ್ರು. ಜೊತೆಗೆ ಒಂದು ಮಾತು: ಹುಡುಗನ ಅಜ್ಜಿಗೆ ಶಕುನ ಜಾಸ್ತಿ, ದಾರೀಲಿ ಕಾರು ನಿಲ್ಲಬಾರದು. ನನ್ನ ಹೆಂಡತಿ, "ಮೂವತ್ತು ವರ್ಷ ನಿಜ ಹೇಳಿದ್ದು ಸಾಕು. ಮಗಳಿಗೋಸ್ಕರ ಒಂದಿನ ಪೆರೇಸಂದ್ರದವನ ಥರ ಮಾಡ್ರಿ" ಅಂದ್ಲು.

ಮಾಡಿದೆ. ಎರಡು ದಿನ ಕಾರು ಗ್ಯಾರೇಜಲ್ಲಿ ಇಟ್ಕೊಂಡೆ, ತೊಳೆದೆ, ಒರೆಸಿದೆ. ಶುಕ್ರವಾರ ಬೆಳಿಗ್ಗೆ ಗುಂಡಿ ಒತ್ತಿ ಮೇಲೂರಿಗೆ ನಾನೇ ಓಡಿಸ್ಕೊಂಡು ಹೋದೆ. ರಿಪೇರಿ ಆಯ್ತು, ಆದ್ರೆ ನಮ್ಮನೆ ಮುಟ್ಟೋ ತನಕ ಆಫ್ ಮಾಡ್ಬೇಡಿ ಅಂದೆ. ಗುಂಡಿ ವಿಷಯ ಬಾಯಿ ಬಿಡಲಿಲ್ಲ, ಬಿಟ್ಟಿದ್ರೆ ಎರಡು ದಿನ ಏನು ಮಾಡಿದೆ ಅಂತ ಕೇಳ್ತಿದ್ರು. ಯಜಮಾನರು ಮೊದಲ ಸಲ ನನ್ನನ್ನ "ಬೀಗರೇ" ಅಂತ ಕರೆದ್ರು. ಬಸ್ಸಲ್ಲಿ ವಾಪಸ್ ಬರ್ತಾ ದಾರಿ ಪೂರ್ತಿ ಅದೇ ಮಾತು ಕಿವೀಲಿತ್ತು.

ಅವರು ದಾರೀಲಿ ಆಂಜನೇಯನ ಗುಡಿ ಮುಂದೆ ಕಾರು ಆಫ್ ಮಾಡಿ ಇಳಿದ್ರಂತೆ. ಯಾಕೆ? ರಿಪೇರಿ ಆಗಿದ್ದಕ್ಕೆ ಕಾಯಿ ಒಡೆಯಕ್ಕೆ.

ನಮ್ಮ ಮನೆ ಮುಂದೆ ಬಂದು ನಿಂತ್ರು. ನನ್ನ ಬಾಮೈದ ಗೇಟು ತೆಗೆಯಕ್ಕೆ ಹೋದ. ಅಗುಳಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಊರವರ ಕಾರಿಗೆಲ್ಲ ಎಣ್ಣೆ ಹಾಕೋ ನಾನು ನನ್ನ ಮನೆ ಗೇಟಿಗೆ ಒಂದು ತೊಟ್ಟು ಹಾಕಿರಲಿಲ್ಲ. ಅವನು ಅಗುಳಿ ಎಳೀತಾ ಇದ್ದ, ಯಜಮಾನರು ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ರು, ಇಂಜಿನ್ ನಿಂತೋಯ್ತು.

ಹಿಂದಿನ ಸೀಟಿನ ಅಜ್ಜಿ ಕಣ್ಣು ಮುಚ್ಚಿಕೊಂಡ್ರು. ಹೆಣ್ಣಿನ ಬಾಗಿಲಲ್ಲೇ ಪ್ರಾಣ ಬಿಡ್ತಲ್ಲಪ್ಪ ಅಂದ್ರು. ನಾನು ರೇಷ್ಮೆ ಪಂಚೆ ಎತ್ತಿ ಕಟ್ಟಿ ಕಿಟಕಿ ಹತ್ರ ಓಡಿ, ಕಾರು ಕೆಟ್ಟಿಲ್ಲ, ಇದು ಹೀಗೇ, ಕ್ಲಚ್ ಒತ್ತಿ ಅಂತ ಬೇಡಿಕೊಂಡೆ. ಯಜಮಾನರು ತಣ್ಣಗೆ ಕೇಳಿದ್ರು:

"ಬೆಳಿಗ್ಗೆ ರಿಪೇರಿ ಮಾಡ್ದೆ ಅಂದ್ರಿ. ಈಗ ಕೆಟ್ಟೇ ಇರ್ಲಿಲ್ಲ ಅಂತೀರಿ. ಎರಡ್ರಲ್ಲಿ ಯಾವ್ದು ಸುಳ್ಳು, ಮೇಸ್ತ್ರಿ?"

ಬೀಗ ಹೋಗಿ ಮತ್ತೆ ಮೇಸ್ತ್ರಿಯಾಗಿದ್ದೆ. ಹುಡುಗ ಮೊಬೈಲ್ ನೋಡ್ತಾ ಕೂತಿದ್ದ. ಒಳಗೆ ಮಗಳು ಕಾಫಿ ತಟ್ಟೆ ಹಿಡ್ಕೊಂಡು ನಿಂತಿದ್ಲು, ಕಿಟಕೀಲಿ ಕಾಣ್ತಿದ್ಲು.

ಪದ ನಾಯನಾ, ನಡಿಯಪ್ಪ ಹೋಗಣ ಅಂತ ತೆಲುಗು ಬೆರೆಸಿ ಅಂದ್ರು ಅಜ್ಜಿ. ಯಜಮಾನರು ರಿವರ್ಸ್ ಹಾಕಕ್ಕೆ ಕ್ಲಚ್ ಒತ್ತಿದ್ರು. ಇಂಜಿನ್ ತಾನಾಗೇ ಸ್ಟಾರ್ಟ್ ಆಯ್ತು. ಅಜ್ಜಿ ಡ್ಯಾಶ್‌ಬೋರ್ಡಿನ ಗಣಪತಿಗೆ ಕೈ ಮುಗಿದ್ರು.

"ನೋಡ್ದ್ಯಾ? ವಾಪಸ್ ಹೋಗಣ ಅಂದ ತಕ್ಷಣ ಹೆಂಗೆ ಜೀವ ಬಂತು."

ಕಾರು ತಿರುವು ದಾಟಿ ಮರೆಯಾಯ್ತು. ನಾನು ರಸ್ತೇಲೇ ನಿಂತಿದ್ದೆ. ಹಿಂದಿನಿಂದ ಬಾಮೈದ ಏದುಸಿರು ಬಿಡ್ತಾ ಕರೆದ.

"ಭಾವ, ಗೇಟು ತೆಗೀತು."