ಸಕ್ರವ್ವನ ಮಧ್ಯಾಹ್ನದ ನಿದ್ದೆ

ಸಕ್ರವ್ವನಿಗೆ ಲೋಕದಲ್ಲಿ ಸ್ವಂತದ್ದೆಂದು ಉಳಿದದ್ದು ಒಂದೇ: ಮಧ್ಯಾಹ್ನ ಎರಡರಿಂದ ನಾಲ್ಕರ ತನಕದ ನಿದ್ದೆ. ಅಥಣಿ ರಸ್ತೆಯ ಮಗನ ಮನೆಗೆ ಬಂದ ಮೇಲೂ ಅದನ್ನು ಆಕೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. (ನಳಕ್ಕೆ ನೀರು ಬಂದರೂ ಏಳುತ್ತಿರಲಿಲ್ಲ. ಇನ್ನೇನು ಹೇಳಲಿ!)

ಇಂಥ ಸಾಮ್ರಾಜ್ಯಕ್ಕೆ ಕುತ್ತು ತಂದವಳು ಮೊಮ್ಮಗಳು ಸಂಘಮಿತ್ರಾ. ಬೆಳಗಿನ ಶಾಲೆ ಮುಗಿಸಿ ಬಂದವಳೇ ಚೀಲ ಮೂಲೆಗೆ ಒಗೆದು, "ಆಯಿ, ಸಾಲ್ಯಾಗ ಎಲ್ಲಾರೂ ಒಂದೊಂದು ವಾದ್ಯ ಕಲೀಬೇಕಂತ. ಸಂಜಿಕ ಟ್ಯೂಷನ್ ಐತಿ, ನಾ ಮಧ್ಯಾಹ್ನನ ಬಾರಸಾಕಿ," ಎಂದಳು.

ಸಕ್ರವ್ವನ ನಿದ್ದೆಗೇ ಸಂಚಕಾರ! ಆದರೂ ಮುಖದ ತುಂಬ ಅಕ್ಕರೆ ತಂದುಕೊಂಡು, "ಕೊಳಲ ಕಲಿ ಬೇ. ಸಣ್ಣ ದನಿ," ಎಂದಳು.

"ನನಗ ನೆಗಡಿ ಬಿಡೂದಿಲ್ಲ."

"ಹಂಗಾರ ತಂಬೂರಿ?" (ಅದನ್ನು ಮೀಟಿದರೆ ನಿದ್ದೆ ಇನ್ನೂ ಬೇಗ ಹತ್ತೀತೆಂಬ ದೂರಾಲೋಚನೆ.)

"ತಂಬೂರಿ ಒಲ್ಲೆ. ತಬಲಾ ಆದ್ರ?" ಎಂದಳು ಸಂಘಮಿತ್ರಾ.

"ಯವ್ವಾ, ಬ್ಯಾಡ! ಬೆರಳು ಬಾತು ಬದನಿಕಾಯಿ ಆಗತಾವ!"

ವ್ಯಾಜ್ಯ ಬಗೆಹರಿಯದೆ, ವಾದ್ಯ ಆರಿಸಿಕೊಡಲು ಶಾಲೆಯ ಸಂಗೀತದ ಮಾಸ್ತರ ಅಬ್ದುಲಸಮದರು ಆದಿತ್ಯವಾರ ಮನೆಗೇ ಬಂದರು. ಅವರನ್ನು ಕೊಳಲಿನ ಪಕ್ಷಕ್ಕೆ ಸೆಳೆಯಲು ಸಕ್ರವ್ವ ಎಣ್ಣೆಗಾಯಿ ಮಾಡಿ, ಬಿಸಿ ಬಿಸಿ ರೊಟ್ಟಿ ಬಡಿಯಲು ಕುಳಿತಳು. ದಬ್ ದಬ್ ತಟ್, ದಬ್ ದಬ್ ತಟ್. ಅಂಥ ರೊಟ್ಟಿಯನ್ನು ಆಕೆ ಸೊಸೆಯ ಕೈಗೂ ಬಿಟ್ಟವಳಲ್ಲ.

ಸ್ವಲ್ಪ ಹೊತ್ತಿಗೆ ಮಾಸ್ತರರೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಯವ್ವಾ, ಆರಿಸೂ ಕೆಲಸ ಮುಗೀತ್ರಿ. ನೀವು ಬಡದಂಗ ನಿಮ್ಮ ಮೊಮ್ಮಗಳ ಬೆರಳು ಮಣಕಾಲ ಮ್ಯಾಲ ಕುಣ್ಯಾಕತ್ತಾವ. ಒಂದೂ ತಪ್ಪಿಲ್ಲ! ಇಕಿ ತಬಲಾನ ಕಲೀಬೇಕು."

"ಕೊಳಲ ಛಲೋ ಅಲ್ಲೇನ್ರಿ ಮಾಸ್ತರ?"

"ತೊಟ್ಟಲದಾಗ ಇದ್ದಾಗಿಂದ ರೊಟ್ಟಿ ಬಡದು ಬಡದು ನೀವ ತಬಲಾ ಕಲಿಸೀರಿ, ಈಗ ಕೊಳಲ ಅಂತೀರಿ! ತಬಲಾ ತರೂ ಮಟ ದಿನಾ ಮಧ್ಯಾಹ್ನ ರೊಟ್ಟಿ ಬಡೀರಿ. ಇಕಿ ಬಾಜೂಕ ಕುಂತು ಕಟ್ಟಿಗಿ ಮಣಿ ಮ್ಯಾಲ ಕೈ ಆಡಸ್ಲಿ."

ಹೀಗೆಂದು ಎಣ್ಣೆಗಾಯಿಯ ಜೊತೆ ಐದು ರೊಟ್ಟಿ ಮುಗಿಸಿ ಎದ್ದರು.

ತಬಲಾ ಬಂದೂ ಈಗ ತಿಂಗಳಾಯಿತು. ಆದರೆ ಆಯಿಯ ರೊಟ್ಟಿಯಿಲ್ಲದೆ ಸಂಘಮಿತ್ರಾಳ ಕೈ ಓಡುವುದೇ ಇಲ್ಲ. ಗಡಿಯಾರ ಎರಡು ಹೊಡೆಯುತ್ತಲೇ ಒಲೆ ಹೊತ್ತಬೇಕು. ಮನೆಯವರು ತಿಂದು ಮಿಕ್ಕ ರೊಟ್ಟಿ ಖಡಕ್ಕಾಗಿ ಓಣಿಗೆಲ್ಲ ಹಂಚಿಕೆಯಾಗುತ್ತಿದೆ. ಮೂರರ ಹೊತ್ತಿಗೆ ಸಕ್ರವ್ವನ ಕಣ್ಣು ಎಳೆದು ಕೈ ಸಡಿಲಾದರೆ ಸಾಕು, ಪಕ್ಕದಿಂದ ಗದರಿಕೆ ಬೀಳುತ್ತದೆ:

"ಆಯಿ, ಲಯ ತಪ್ಪತು! ಮದಲಿಂದ ಬಡಿ!"

ಅರವತ್ತು ವರ್ಷ ರೊಟ್ಟಿ ಬಡಿದ ಸಕ್ರವ್ವ ಆಕಳಿಕೆ ನುಂಗಿಕೊಂಡು ಇನ್ನೊಂದು ಉಂಡೆ ಹಿಟ್ಟು ಎತ್ತಿಕೊಳ್ಳುತ್ತಾಳೆ.